ಮುದ್ರೆಗೆ ನಲವತ್ತೈದು, ಬಿಲ್ಲಿಗೆ ಇನ್ನೂರ ಮೂವತ್ತಾರು

ಅರಕಲಗೂಡಿನ ಸಣ್ಣ ಆಭರಣ ವ್ಯಾಪಾರಿಯೊಬ್ಬರು ಮದುವೆ ಮನೆಯವರ ಬೇಡಿಕೆಯಂತೆ ಮೂರು ಗ್ರಾಂ ತೂಕದ 22 ಕ್ಯಾರೆಟ್ ಉಂಗುರವೊಂದನ್ನು ಮಾಡಿಸಿದರೆಂದು ಇಟ್ಟುಕೊಳ್ಳಬಹುದು. ವಸ್ತುವಿನ ತೂಕ ಎರಡು ಗ್ರಾಂ ಮೀರಿದೆ; ವ್ಯಾಪಾರಿಯ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದೆ. ಆದುದರಿಂದ ಹಾಲ್‌ಮಾರ್ಕ್ ಮುದ್ರೆಯಿಲ್ಲದೆ ಆ ಉಂಗುರವನ್ನು ಮಾರುವಂತಿಲ್ಲ. ಗಿರಾಕಿಗೆ ಬೆಲೆ ಹೇಳುವಾಗ ವ್ಯಾಪಾರಿಯ ಮನಸ್ಸಿನಲ್ಲಿದ್ದುದು ವಸ್ತುವೊಂದಕ್ಕೆ 45 ರೂ. ಎಂಬ, ಎಲ್ಲರಿಗೂ ತಿಳಿದ ದರ. ಶೇ. 18ರ ತೆರಿಗೆ ಸೇರಿದರೆ 53 ರೂ. 10 ಪೈಸೆ. ಉಂಗುರ ಮುದ್ರೆಯೊಂದಿಗೆ ಹಿಂದಿರುಗಿದಾಗ ಜೊತೆಯಲ್ಲಿ ಬಂದ ಬಿಲ್ಲಿನ ಮೊತ್ತ ಮಾತ್ರ 236 ರೂ.

ಇದರಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. 2022ರ ಮಾರ್ಚ್‌ನಲ್ಲಿ ಪರಿಷ್ಕೃತವಾದ ದರಪಟ್ಟಿಯಲ್ಲಿ ಚಿನ್ನದ ಪ್ರತಿ ವಸ್ತುವಿಗೆ 45 ರೂ. ಎಂಬ ಸಾಲಿನ ಜೊತೆಗೇ, ಒಂದು ಬಾರಿಗೆ ಒಪ್ಪಿಸುವ ಸರಕಿಗೆ ಕನಿಷ್ಠ ಶುಲ್ಕ 200 ರೂ., ತೆರಿಗೆ ಪ್ರತ್ಯೇಕ ಎಂಬ ಸಾಲೂ ಇದೆ. ಮೊದಲನೆಯ ಸಾಲು ಎಲ್ಲರ ಬಾಯಲ್ಲಿದೆ. ಎರಡನೆಯದು ಬಿಲ್ ಬಂದ ಮೇಲೆ ಕಣ್ಣಿಗೆ ಬೀಳುತ್ತದೆ.

ಲೆಕ್ಕವನ್ನು ಬಿಡಿಸಿ ನೋಡಿದರೆ ಹೊರೆ ಯಾರ ಮೇಲೆ ಬೀಳುತ್ತದೆಂಬುದು ಸ್ಪಷ್ಟವಾಗುತ್ತದೆ. ಒಂದು ವಸ್ತು ಕಳುಹಿಸಿದರೂ 236 ರೂ., ನಾಲ್ಕು ಕಳುಹಿಸಿದರೂ 236 ರೂ.; ನಾಲ್ಕಾದರೆ ತಲಾ 59 ರೂ. ಬೀಳುತ್ತದೆ. ಐದನೆಯ ವಸ್ತುವಿನಿಂದ ಕನಿಷ್ಠ ಶುಲ್ಕದ ಪ್ರಶ್ನೆಯೇ ಇಲ್ಲ: ಐದಕ್ಕೆ 225 ರೂ., ತೆರಿಗೆ 40 ರೂ. 50 ಪೈಸೆ, ಒಟ್ಟು 265 ರೂ. 50 ಪೈಸೆ. ನಾಲ್ಕು ದಿನ ದಿನಕ್ಕೊಂದು ವಸ್ತುವನ್ನು ಕಳುಹಿಸಿದ ವ್ಯಾಪಾರಿ ತೆರುವ ಹಣ 944 ರೂ.; ಅದೇ ನಾಲ್ಕನ್ನು ಒಟ್ಟಿಗೆ ಕಳುಹಿಸಿದವರು ತೆರುವುದು 236 ರೂ. ವ್ಯತ್ಯಾಸ 708 ರೂ. ಮೂರು ಗ್ರಾಂ ಉಂಗುರದ ಕೂಲಿಯಲ್ಲಿ ವ್ಯಾಪಾರಿಗೆ ಉಳಿಯುವುದು ಒಂದು ಸಾವಿರ ರೂಪಾಯಿ ಎಂದಾದರೆ, ಮುದ್ರೆಯ ಬಿಲ್ ಅದರ ಹೆಚ್ಚುಕಡಿಮೆ ಕಾಲುಭಾಗವನ್ನು ನುಂಗುತ್ತದೆ. ಅಂಗಡಿ ಬಿಟ್ಟು ಹೋಗಿಬರುವ ಅರ್ಧ ದಿನ, ಬಸ್ ಚಾರ್ಜು, ದಾರಿಯಲ್ಲಿ ಚಿನ್ನ ಕೈಯಲ್ಲಿರುವ ಆತಂಕ ಈ ಲೆಕ್ಕಕ್ಕೆ ಸೇರಿಲ್ಲ.

ಬೆಳ್ಳಿಯ ವಿಷಯದಲ್ಲಿ ಮುದ್ರೆ ಇನ್ನೂ ಐಚ್ಛಿಕ. ಪ್ರತಿ ವಸ್ತುವಿಗೆ 35 ರೂ., ಕನಿಷ್ಠ 150 ರೂ. ಕೆಲವೇ ನೂರು ರೂಪಾಯಿ ಬೆಲೆಯ ಕಾಲುಂಗುರಕ್ಕೆ ಈ ದರ ಎಷ್ಟು ಭಾರವೆಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಆರ್ಡರ್ ಮೇಲೆ ಮಾಡಿಕೊಡುವವರ ಪಾಡು

ದೊಡ್ಡ ಮಳಿಗೆಗಳು ನೂರಾರು ವಸ್ತುಗಳನ್ನು ಒಟ್ಟಿಗೆ ಕಳುಹಿಸುವುದರಿಂದ ಅವುಗಳಿಗೆ ಮುದ್ರೆಯೊಂದಕ್ಕೆ 45 ರೂ. ಎಂಬ ಮಾತು ನಿಜವೇ. ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಪೇಟೆಬೀದಿಯಲ್ಲಿ ಗಿರಾಕಿಯ ಅಳತೆಗೆ ತಕ್ಕಂತೆ ಒಂದು ಓಲೆಯನ್ನೋ ಒಂದು ಉಂಗುರವನ್ನೋ ಮಾಡಿಕೊಡುವ ಅಕ್ಕಸಾಲಿಗರಿಗೆ ಅದು ನಿಜವಲ್ಲ. ಅವರ ಕೆಲಸ ಬರುವುದೇ ಒಂದೊಂದಾಗಿ, ಅದೂ ಲಗ್ನದ ದಿನ ಹತ್ತಿರವಾದಾಗ. ಐದು ವಸ್ತು ಕೂಡುವವರೆಗೆ ಕಾಯಿರಿ ಎಂದು ಮದುವೆ ಮನೆಯವರಿಗೆ ಹೇಳಲು ಸಾಧ್ಯವೇ? ಹೀಗಾಗಿ ಅತಿ ಕಡಿಮೆ ವಹಿವಾಟಿನವರೇ ವಸ್ತುವೊಂದಕ್ಕೆ ಅತಿ ಹೆಚ್ಚು ಶುಲ್ಕ ತೆರುತ್ತಾರೆ.

ಇದನ್ನು ತಪ್ಪಿಸಲು ಇಬ್ಬರು ಮೂವರು ಸೇರಿ ಒಬ್ಬರ ಹೆಸರಿನಲ್ಲಿ ಎಲ್ಲರ ವಸ್ತುಗಳನ್ನೂ ಕಳುಹಿಸುವ ಆಲೋಚನೆ ಸಹಜವಾಗಿ ಹೊಳೆಯುತ್ತದೆ. ಅದು ಅಪಾಯಕರ. 2021ರ ಜುಲೈ 1ರಿಂದ ಪ್ರತಿ ವಸ್ತುವಿಗೂ ಆರು ಅಕ್ಷರಾಂಕಗಳ ಪ್ರತ್ಯೇಕ ಗುರುತಿನ ಸಂಖ್ಯೆಯನ್ನು ಕೊಡಲಾಗುತ್ತಿದೆ; ಆ ಸಂಖ್ಯೆ ಸರಕನ್ನು ಒಪ್ಪಿಸಿದ ನೋಂದಾಯಿತ ವ್ಯಾಪಾರಿಯ ಹೆಸರಿಗೆ ಸೇರುತ್ತದೆ. ಭಾರತೀಯ ಮಾನಕ ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ಗಿರಾಕಿ ಅದನ್ನು ಪರಿಶೀಲಿಸಿದಾಗ ತಾನು ಕೊಂಡ ಅಂಗಡಿಯ ಬದಲು ಬೇರೆ ಅಂಗಡಿಯ ಹೆಸರು ಕಂಡರೆ, ಉಳಿಸಿದ ನೂರೆಂಬತ್ತು ರೂಪಾಯಿಗೆ ಪ್ರತಿಯಾಗಿ ವಿಶ್ವಾಸವೇ ಹೋಗುತ್ತದೆ. ನಾಳೆ ಶುದ್ಧತೆಯ ಬಗ್ಗೆ ತಕರಾರು ಬಂದರೆ ಹೆಸರು ಕೊಟ್ಟವರೂ ಉತ್ತರ ಹೇಳಬೇಕಾಗುತ್ತದೆ. ಕೂಡಿಸಬಹುದಾದದ್ದು ಪ್ರಯಾಣವನ್ನು ಮಾತ್ರ: ಒಬ್ಬ ನಂಬಿಕಸ್ಥರು ನಾಲ್ಕು ಅಂಗಡಿಗಳ ಸರಕನ್ನು ಒಯ್ಯಬಹುದು, ಆದರೆ ನಾಲ್ಕು ಪೊಟ್ಟಣ, ನಾಲ್ಕು ಚಲನ್, ನಾಲ್ಕು ಬಿಲ್.

ಚಲನ್ ಎಂದಾಗ ಒಂದು ಮಾತು. ಮಾರಾಟವಲ್ಲದ ಉದ್ದೇಶಕ್ಕೆ ಸರಕು ಸಾಗಿಸುವಾಗ ಜಿ.ಎಸ್.ಟಿ. ನಿಯಮಾವಳಿಯ 55ನೆಯ ನಿಯಮದಂತೆ ವಿತರಣಾ ಚಲನ್ ಬರೆಯಬೇಕು. ಈ ಮೂರೂ ತಾಲ್ಲೂಕು ಕೇಂದ್ರಗಳು ಹಾಸನದಿಂದ ನಲವತ್ತು ಕಿಲೋಮೀಟರಿನೊಳಗೇ ಇರುವುದರಿಂದ ಒಡವೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಸ್ ಹತ್ತುವ ಅಭ್ಯಾಸ ಹಳೆಯದು. ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿರುವಾಗ ತಪಾಸಣಾ ಠಾಣೆಯಲ್ಲಿ ನಿಂತು ಒಡವೆ ಯಾರದೆಂದು ವಿವರಿಸುವುದಕ್ಕಿಂತ ಒಂದು ಹಾಳೆ ಬರೆದಿಟ್ಟುಕೊಳ್ಳುವುದು ಸುಲಭ. ಕೇಂದ್ರದವರೇ ಬಂದು ಸರಕು ಒಯ್ಯುವ ಏರ್ಪಾಡಿದ್ದರೆ ಅದರ ವೆಚ್ಚ 45 ರೂಪಾಯಿಯೊಳಗೆ ಸೇರಿಲ್ಲವೆಂಬುದನ್ನು ನೆನಪಿಡಬೇಕು. ಅದನ್ನು ಮೊದಲೇ ಕೇಳಿ ಬರಹದಲ್ಲಿ ಪಡೆಯುವುದು ಲೇಸು.

ವಸ್ತುವಿಗೆ ಶುಲ್ಕವೋ, ಬೆಲೆಗೆ ಶುಲ್ಕವೋ

ಇಷ್ಟೆಲ್ಲ ಇದ್ದರೂ ಈ ಶುಲ್ಕದ ಒಂದು ಗುಣವನ್ನು ಒಪ್ಪಲೇಬೇಕು. ಮೂರು ಗ್ರಾಂ ಉಂಗುರಕ್ಕೂ ಎಂಬತ್ತು ಗ್ರಾಂ ಹಾರಕ್ಕೂ ದರ ಒಂದೇ. ಹಾಸನ ಜಿಲ್ಲೆಯ ವರ್ತಕರಿಗೆ ಹೆಚ್ಚು ಪರಿಚಿತವಾದದ್ದು ಇದಕ್ಕೆ ವಿರುದ್ಧವಾದ ಪದ್ಧತಿ. ಚನ್ನರಾಯಪಟ್ಟಣದ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಮೇಲಿನ ಮಾರುಕಟ್ಟೆ ಶುಲ್ಕ ಬೆಲೆಯ ಮೇಲೆ ಶೇಕಡಾವಾರು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲುಗಳಿಗೆ ದರ್ಜೆ ನಿಗದಿಯಾಗಿ ಹರಾಜಾದ ಮೇಲೆ ತಂಬಾಕು ಮಂಡಳಿ ಪಡೆಯುವ ಸೇವಾ ಶುಲ್ಕವೂ ಮಾರಾಟ ಮೌಲ್ಯದ ಮೇಲೆಯೇ. ಬೆಲೆ ಏರಿದರೆ ಶುಲ್ಕವೂ ಏರುತ್ತದೆ. ಅದು ಮೊದಲೇ ಗೊತ್ತಿರುವುದರಿಂದ ಯಾರೂ ಬೆಚ್ಚುವುದಿಲ್ಲ.

ಇವೆರಡರ ನಡುವಿನ ವಿಚಿತ್ರವಾದ ಮೂರನೆಯ ಪದ್ಧತಿಯೊಂದು ಅಮೆರಿಕದ ಸಂಗ್ರಹ ಕಾರ್ಡುಗಳ ವ್ಯಾಪಾರದಲ್ಲಿದೆ. ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಹಳೆಯ ಕಾರ್ಡುಗಳು, ಮಕ್ಕಳ ಪೋಕೆಮಾನ್ ಕಾರ್ಡುಗಳು ಅಲ್ಲಿ ದೊಡ್ಡ ಮೊತ್ತಕ್ಕೆ ಮಾರಾಟವಾಗುತ್ತವೆ. ಅವುಗಳ ಅಂಚು, ಮೂಲೆ, ಮುದ್ರಣಗಳನ್ನು ಪರೀಕ್ಷಿಸಿ ಒಂದರಿಂದ ಹತ್ತರವರೆಗೆ ದರ್ಜೆ ಕೊಟ್ಟು ಪ್ಲಾಸ್ಟಿಕ್ ಕವಚದಲ್ಲಿ ಭದ್ರಪಡಿಸುವ ಸಂಸ್ಥೆಗಳಿವೆ. 1991ರಲ್ಲಿ ಆರಂಭವಾದ ಪಿ.ಎಸ್.ಎ. ಅವುಗಳಲ್ಲಿ ಪ್ರಮುಖವಾದದ್ದು. ಕಾರ್ಡಿನ ಮೌಲ್ಯವನ್ನು ಮಾಲೀಕರೇ ಅಂದಾಜಿಸಿ ಘೋಷಿಸಬೇಕು. ಆ ಮೌಲ್ಯ ಯಾವ ಮಿತಿಯೊಳಗಿದೆಯೋ ಅದಕ್ಕೆ ತಕ್ಕ ಶುಲ್ಕ. ಆದರೆ ದರ್ಜೆ ನಿರೀಕ್ಷೆಗಿಂತ ಮೇಲೆ ಬಂದು ಕಾರ್ಡಿನ ಮಾರುಕಟ್ಟೆ ಬೆಲೆ ಆ ಮಿತಿಯನ್ನು ದಾಟಿದರೆ, ಮೇಲಿನ ಹಂತದ ಶುಲ್ಕವನ್ನೇ ವಿಧಿಸುತ್ತಾರೆ. ಒಂಬತ್ತು ಬರಬಹುದೆಂದುಕೊಂಡ ಕಾರ್ಡಿಗೆ ಹತ್ತು ಬಂದ ಸಂತೋಷದ ಹಿಂದೆಯೇ ಹೆಚ್ಚುವರಿ ಬಿಲ್ ಬರುತ್ತದೆ, ಕಾರ್ಡ್ ಇನ್ನೂ ಮಾರಾಟವಾಗದಿದ್ದರೂ. 2021ರ ಮಾರ್ಚ್ ಕೊನೆಯಲ್ಲಿ ಕಾರ್ಡುಗಳ ಮಹಾಪೂರವನ್ನು ನಿಭಾಯಿಸಲಾಗದೆ ಆ ಸಂಸ್ಥೆ ತನ್ನ ಹೆಚ್ಚಿನ ಸೇವೆಗಳನ್ನು ಕೆಲಕಾಲ ನಿಲ್ಲಿಸಬೇಕಾಯಿತು ಎಂದರೆ, ಇಂತಹ ಬಿಲ್ಲಿನ ಬಗ್ಗೆ ಗೊಣಗುತ್ತಲೇ ಜನ ಎಷ್ಟು ಮುಗಿಬಿದ್ದಿದ್ದರೆಂಬುದನ್ನು ಊಹಿಸಬಹುದು.

ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಆ ಪದ್ಧತಿಯಲ್ಲಿ ಒಂದು ದೋಷವಿದೆ. ದರ್ಜೆ ಕೊಡುವವರ ಆದಾಯ ತಾವು ಕೊಡುವ ದರ್ಜೆಯನ್ನೇ ಅವಲಂಬಿಸುತ್ತದೆ. ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಅನುಮಾನಕ್ಕೆ ಎಡೆ ಉಳಿಯುತ್ತದೆ. ಹಾಲ್‌ಮಾರ್ಕ್ ಕೇಂದ್ರಕ್ಕೆ ಚಿನ್ನ 18 ಕ್ಯಾರೆಟ್ ಆದರೂ 22 ಕ್ಯಾರೆಟ್ ಆದರೂ ಸಿಗುವುದು 45 ರೂಪಾಯಿಯೇ. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯ ಕಳಂಕವನ್ನು ಹೊತ್ತ ಕಸುಬಿಗೆ, ಬೆಲೆಯ ಹಂಗಿಲ್ಲದ ಪರೀಕ್ಷಕನ ಮುದ್ರೆ ಸಣ್ಣ ಉಪಕಾರವಲ್ಲ.

ಹಂತ ಏರಿಸುವ ಚಿನ್ನದ ಬೆಲೆ

ಹಾಗೆಂದು ಬೆಲೆ ಏರಿಕೆಯಿಂದ ಬರುವ ಅನಿರೀಕ್ಷಿತ ವೆಚ್ಚ ನಮ್ಮ ಆಭರಣ ವ್ಯಾಪಾರದಲ್ಲಿ ಇಲ್ಲವೇ ಇಲ್ಲವೆಂದಲ್ಲ. ಅದು ಬೇರೆ ಬಾಗಿಲಿನಿಂದ ಒಳಬರುತ್ತದೆ.

2000ನೆಯ ಇಸವಿಯಲ್ಲಿ ಐಚ್ಛಿಕವಾಗಿ ಆರಂಭವಾದ ಚಿನ್ನದ ಹಾಲ್‌ಮಾರ್ಕ್ 2021ರ ಜೂನ್ 16ರಿಂದ ದೇಶದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ಹಂತಹಂತವಾಗಿ ವಿಸ್ತರಿಸಿ 2024ರ ನವೆಂಬರ್ ವೇಳೆಗೆ 361 ಜಿಲ್ಲೆಗಳನ್ನು ಮುಟ್ಟಿತು. ಕಡ್ಡಾಯಗೊಳಿಸುವಾಗಲೇ ವಾರ್ಷಿಕ 40 ಲಕ್ಷ ರೂಪಾಯಿವರೆಗಿನ ವಹಿವಾಟಿನವರಿಗೆ ವಿನಾಯಿತಿ ನೀಡಲಾಯಿತು. ಅಂದು 22 ಕ್ಯಾರೆಟ್ ಚಿನ್ನ ಗ್ರಾಂಗೆ ಐದು ಸಾವಿರ ರೂಪಾಯಿಯೊಳಗಿತ್ತು. ಅಂದರೆ, ಕೂಲಿಯನ್ನು ಬದಿಗಿಟ್ಟರೂ ವರ್ಷಕ್ಕೆ 800 ಗ್ರಾಂ ಮಾರುವವರು ವಿನಾಯಿತಿಯೊಳಗೇ ಇರುತ್ತಿದ್ದರು. 2025ರಲ್ಲಿ ಆ ಬೆಲೆ ಹತ್ತು ಸಾವಿರ ದಾಟಿತು. ಹತ್ತು ಸಾವಿರವೆಂದೇ ಹಿಡಿದರೂ 40 ಲಕ್ಷ ರೂಪಾಯಿಗೆ ಬರುವುದು 400 ಗ್ರಾಂ. ತಿಂಗಳಿಗೆ 33 ಗ್ರಾಂ. ಒಂದು ಸರ, ಒಂದು ಜೊತೆ ಬಳೆ ಮಾರಿದರೆ ಆ ತಿಂಗಳ ಪಾಲು ಮುಗಿಯಿತು.

ಅರಕಲಗೂಡಿನ ಆ ವ್ಯಾಪಾರಿ ತೂಕದಲ್ಲಿ ಒಂದು ಗುಂಜಿಯಷ್ಟೂ ಹೆಚ್ಚು ಮಾರದೆ, ಪ್ರಾಯಶಃ ಕಡಿಮೆ ಮಾರಿಯೂ, ವಿನಾಯಿತಿಯ ಗೆರೆಯನ್ನು ದಾಟಿರುತ್ತಾರೆ. ಕಾರ್ಡಿಗೆ ಹತ್ತರ ದರ್ಜೆ ಬಂದವರ ಸ್ಥಿತಿಗೂ ಇದಕ್ಕೂ ವ್ಯತ್ಯಾಸ ಕಡಿಮೆ: ಕೈಯಲ್ಲಿರುವ ವಸ್ತು ಅದೇ, ಬೆಲೆ ಮಾತ್ರ ಏರಿದೆ, ಮಾಲೀಕರು ಮೇಲಿನ ಹಂತಕ್ಕೆ ಸೇರಿದ್ದಾರೆ. ಮೂಗುಬೊಟ್ಟು, ತಾಳಿಯ ಗುಂಡುಗಳಂತಹ ಎರಡು ಗ್ರಾಂಗಿಂತ ಕಡಿಮೆ ತೂಕದ ವಸ್ತುಗಳಿಗೆ ವಿನಾಯಿತಿ ಮುಂದುವರಿಯುತ್ತದೆ. ಉಳಿದುದೆಲ್ಲ ಮುದ್ರೆಗೆ ಹೋಗಬೇಕು.

ಇಲ್ಲಿ ಗೊಂದಲಕ್ಕೆ ಇನ್ನೊಂದು ಕಾರಣವಿದೆ. ಸರಕು ಮಾತ್ರ ಮಾರುವವರಿಗೆ ಜಿ.ಎಸ್.ಟಿ. ನೋಂದಣಿಯ ಮಿತಿಯೂ ಕರ್ನಾಟಕದಲ್ಲಿ 40 ಲಕ್ಷ ರೂಪಾಯಿಯೇ. ಎರಡೂ ಬೇರೆ ಬೇರೆ ಕಾನೂನುಗಳ ಬೇರೆ ಬೇರೆ ಗೆರೆಗಳು. ಸ್ವಇಚ್ಛೆಯಿಂದ ಜಿ.ಎಸ್.ಟಿ. ನೋಂದಣಿ ಪಡೆದ ಮಾತ್ರಕ್ಕೆ ಹಾಲ್‌ಮಾರ್ಕ್ ವಿನಾಯಿತಿ ಹೋಗುವುದಿಲ್ಲ. ಆದರೆ ರಿಟರ್ನ್‌ನಲ್ಲಿ ತೋರಿಸಿದ ವಹಿವಾಟೇ ವಿನಾಯಿತಿಗೂ ಸಾಕ್ಷಿಯಾಗುವುದರಿಂದ ಒಂದೊಂದು ಕಡೆ ಒಂದೊಂದು ಲೆಕ್ಕ ಹೇಳಲಾಗದು.

ಗೆರೆಯನ್ನು ತಡವಾಗಿ ಗಮನಿಸುವುದರ ಬೆಲೆಯೇನೆಂಬುದಕ್ಕೆ 2023ರ ಅನುಭವ ಇದೆ. ಆ ವರ್ಷ ಏಪ್ರಿಲ್ 1ರಿಂದ ಆರು ಅಕ್ಷರಾಂಕಗಳ ಸಂಖ್ಯೆಯಿಲ್ಲದ ಹಳೆಯ ಮುದ್ರೆಯ ಆಭರಣಗಳ ಮಾರಾಟ ನಿಂತಿತು. ಹಳೆಯ ದಾಸ್ತಾನನ್ನು ಮುಂಚಿತವಾಗಿ ಘೋಷಿಸಿದ್ದವರಿಗೆ ಜೂನ್ 30ರವರೆಗೆ ಅವಕಾಶ ದೊರೆಯಿತು. ಘೋಷಿಸದೆ ಉಳಿದವರು ಒಮ್ಮೆ ಮುದ್ರೆ ಹಾಕಿಸಿದ ವಸ್ತುವನ್ನೇ ಮತ್ತೆ ಕಳುಹಿಸಿ, ಮತ್ತೆ ಶುಲ್ಕ ತೆರಬೇಕಾಯಿತು.

ಗಿರಾಕಿಯ ಬಿಲ್ಲಿನಲ್ಲಿ ಏನು ಬರೆಯಬೇಕು

ಹಾಲ್‌ಮಾರ್ಕ್ ಆಭರಣದ ಬಿಲ್ಲಿನಲ್ಲಿ ವಸ್ತುವಿನ ವಿವರ, ನಿವ್ವಳ ತೂಕ, ಶುದ್ಧತೆಗಳ ಜೊತೆಗೆ ಹಾಲ್‌ಮಾರ್ಕ್ ಶುಲ್ಕವನ್ನೂ ಪ್ರತ್ಯೇಕವಾಗಿ ತೋರಿಸಬೇಕು. ತೊಡಕು ಇರುವುದು ಈ ಸಾಲಿನಲ್ಲೇ.

ಸಾಮಾನ್ಯ ಜಿ.ಎಸ್.ಟಿ. ಪದ್ಧತಿಯಲ್ಲಿರುವ ವ್ಯಾಪಾರಿ ಕೇಂದ್ರಕ್ಕೆ ತೆತ್ತ 53 ರೂ. 10 ಪೈಸೆಯಲ್ಲಿ 8 ರೂ. 10 ಪೈಸೆ ಹೂಡುವಳಿ ತೆರಿಗೆ. ಅದನ್ನು ಜಮೆ ಪಡೆಯಬಹುದು. ಆದ್ದರಿಂದ ನಿಜವಾದ ವೆಚ್ಚ 45 ರೂ. ಮಾತ್ರ. ಕೇಂದ್ರೀಯ ಜಿ.ಎಸ್.ಟಿ. ಕಾಯಿದೆಯ 15(2)(ಸಿ) ಪ್ರಕಾರ, ಸರಕನ್ನು ಒಪ್ಪಿಸುವ ಮುನ್ನ ಮಾಡಿದ ಕೆಲಸಕ್ಕಾಗಿ ಗಿರಾಕಿಯಿಂದ ಪಡೆದ ಹಣ ಆ ಸರಕಿನ ಮೌಲ್ಯಕ್ಕೇ ಸೇರುತ್ತದೆ. ಹೀಗೆ ನೋಡಿದರೆ 45 ರೂಪಾಯಿಗೆ ಆಭರಣದ ದರವಾದ ಶೇ. 3 ಅನ್ವಯಿಸಿ ಗಿರಾಕಿ ಕೊಡಬೇಕಾದದ್ದು 46 ರೂ. 35 ಪೈಸೆ. ಶುಲ್ಕವನ್ನು ಪ್ರತ್ಯೇಕ ಸೇವೆಯೆಂದು ಪರಿಗಣಿಸಿ ಶೇ. 18 ಹಾಕುವ ರೂಢಿಯೂ ಇದೆ. ಹಾಗೆ ಹಾಕಿದವರು ಆ 8 ರೂ. 10 ಪೈಸೆಯನ್ನು ತಮ್ಮ ರಿಟರ್ನ್‌ನಲ್ಲಿ ಹೊರಹೋಗುವ ತೆರಿಗೆಯಾಗಿ ತೋರಿಸಿ ಪಾವತಿಸಲೇಬೇಕು. ಗಿರಾಕಿಯಿಂದ ತೆರಿಗೆಯೆಂದು ಪಡೆದು, ಅತ್ತ ಹೂಡುವಳಿ ತೆರಿಗೆಯನ್ನೂ ಪಡೆದು ಸುಮ್ಮನಿದ್ದರೆ ಅದು 76ನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ. ತೆರಿಗೆಯ ಹೆಸರಿನಲ್ಲಿ ಪಡೆದ ಹಣ ಸರ್ಕಾರದ್ದೇ. ವಸ್ತುವೊಂದಕ್ಕೆ ಎಂಟು ರೂಪಾಯಿ ಅಲ್ಪವಾಗಿ ಕಾಣಬಹುದು, ಆದರೆ ವರ್ಷದ ಐದು ನೂರು ವಸ್ತುಗಳಿಗೆ ಅದು 4,050 ರೂ.; ಬಡ್ಡಿ, ದಂಡ ಬೇರೆ.

ಒಂದೇ ವಸ್ತು ಕಳುಹಿಸಿ ಕನಿಷ್ಠ ಶುಲ್ಕ ತೆತ್ತಾಗ 200 ರೂಪಾಯಿಯನ್ನೂ ಗಿರಾಕಿಯ ಬಿಲ್ಲಿನಲ್ಲಿ ಬರೆಯಬಹುದೇ ಎಂಬ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. 45 ರೂ. ಎಂಬ ದರ ಗಿರಾಕಿಗೂ ತಿಳಿದಿದೆ. ಬಿಲ್ಲಿನ ಮುಂದೆ ವಾದ ಮಾಡುವುದಕ್ಕಿಂತ, ತುರ್ತಾಗಿ ಒಂದೇ ವಸ್ತು ಬೇಕೆಂದವರಿಗೆ ಆರ್ಡರ್ ಚೀಟಿಯಲ್ಲೇ ಕನಿಷ್ಠ ಶುಲ್ಕದ ವಿಷಯ ಬರೆದು ಸಹಿ ಪಡೆಯುವುದು ವಿವೇಕ. ಹೇಳಿದ ಮೇಲೆ ಹೆಚ್ಚಿನವರು ಒಪ್ಪುತ್ತಾರೆ. ಹೇಳದೆ ಸೇರಿಸಿದರೆ ಇಪ್ಪತ್ತು ವರ್ಷದ ಗಿರಾಕಿಯೂ ಮುಖ ತಿರುಗಿಸುತ್ತಾರೆ. ಗಿರಾಕಿಯ ಕೈಯಲ್ಲಿಯೂ ಅಸ್ತ್ರವಿದೆ: ಯಾರೇ ಆಗಲಿ ನಾಲ್ಕು ವಸ್ತುಗಳವರೆಗೆ 200 ರೂ. ತೆತ್ತು ಕೇಂದ್ರದಲ್ಲಿ ಶುದ್ಧತೆ ಪರೀಕ್ಷಿಸಿಕೊಳ್ಳಬಹುದು. 916 ಎಂದು ಮಾರಿದ 20 ಗ್ರಾಂ ಸರ 900 ಎಂದು ಕಂಡುಬಂದರೆ ಕೊರತೆ 0.32 ಗ್ರಾಂ. ಗ್ರಾಂಗೆ ಹತ್ತು ಸಾವಿರದಂತೆ 3,200 ರೂ.; ಭಾರತೀಯ ಮಾನಕ ಬ್ಯೂರೋ ನಿಯಮಗಳು, 2018ರ ಪ್ರಕಾರ ಪರಿಹಾರ ಅದರ ಎರಡರಷ್ಟು, ಅಂದರೆ 6,400 ರೂ. ಮತ್ತು ಪರೀಕ್ಷಾ ವೆಚ್ಚ.

ರಾಜಿ ತೆರಿಗೆಯಲ್ಲಿರುವವರಿಗೆ

ಒಂದೂವರೆ ಕೋಟಿ ರೂಪಾಯಿವರೆಗಿನ ವಹಿವಾಟಿನವರು ರಾಜಿ ತೆರಿಗೆ ಪದ್ಧತಿಯಲ್ಲಿ ವಹಿವಾಟಿನ ಶೇ. 1ರಷ್ಟು ಕಟ್ಟಿ ನಿಶ್ಚಿಂತರಾಗಿರಬಹುದು. ತಾಲ್ಲೂಕು ಕೇಂದ್ರಗಳ ಸಣ್ಣ ಅಂಗಡಿಗಳಿಗೆ ಇದು ಅನುಕೂಲವೇ. ಆದರೆ ಅವರಿಗೆ ಹೂಡುವಳಿ ತೆರಿಗೆ ಇಲ್ಲ. ಅವರ ಪಾಲಿಗೆ ಮುದ್ರೆಯ ವೆಚ್ಚ 45 ಅಲ್ಲ, 53 ರೂ. 10 ಪೈಸೆ, ಒಂಟಿ ವಸ್ತುವಿಗೆ ಪೂರ್ತಿ 236 ರೂ. ಅವರು ಗಿರಾಕಿಯಿಂದ ತೆರಿಗೆಯನ್ನು ಪ್ರತ್ಯೇಕವಾಗಿ ಪಡೆಯುವಂತಿಲ್ಲವಾದ್ದರಿಂದ ಬಿಲ್ಲಿನಲ್ಲಿ ಜಿ.ಎಸ್.ಟಿ. ಎಂಬ ಪದವೇ ಬರಬಾರದು. ವೆಚ್ಚವನ್ನು ಶುಲ್ಕದ ಸಾಲಿನಲ್ಲೋ ಕೂಲಿಯಲ್ಲೋ ಸೇರಿಸಿಕೊಳ್ಳಬೇಕು.

ಚಿನ್ನದ ಬೆಲೆ ಇವರನ್ನೂ ಬಿಟ್ಟಿಲ್ಲ. ಗ್ರಾಂಗೆ ಹತ್ತು ಸಾವಿರವೆಂದರೆ ಒಂದೂವರೆ ಕೋಟಿಗೆ ಒಂದೂವರೆ ಕಿಲೋ. ಐದು ಸಾವಿರವಿದ್ದಾಗ ಅದು ಮೂರು ಕಿಲೋ ಆಗಿತ್ತು. ಮಿತಿ ದಾಟಿದ ದಿನದಿಂದಲೇ ರಾಜಿ ಪದ್ಧತಿ ನಿಲ್ಲುತ್ತದೆ. ವರ್ಷಾಂತ್ಯದವರೆಗೆ ಕಾಯುವ ಅವಕಾಶವಿಲ್ಲ. ಏಳು ದಿನಗಳೊಳಗೆ ಸಿ.ಎಂ.ಪಿ.-04 ನಮೂನೆ ಸಲ್ಲಿಸಬೇಕು. ಕೈಯಲ್ಲಿರುವ ದಾಸ್ತಾನಿನ ಮೇಲಿನ ಹೂಡುವಳಿ ತೆರಿಗೆಯನ್ನು ಐ.ಟಿ.ಸಿ.-01 ನಮೂನೆಯಲ್ಲಿ ಮೂವತ್ತು ದಿನಗಳೊಳಗೆ ಕೇಳಬಹುದು. ಆದರೆ 18ನೆಯ ಕಲಮು ಈ ಸೌಲಭ್ಯವನ್ನು ಸರಕುಗಳಿಗೂ ಬಂಡವಾಳ ಸರಕುಗಳಿಗೂ ಮಾತ್ರ ಕೊಡುತ್ತದೆ, ಸೇವೆಗಳಿಗೆ ಅಲ್ಲ. ಅಂದು ಕಪಾಟಿನಲ್ಲಿ ಇನ್ನೂರು ಆಭರಣಗಳಿದ್ದರೆ ಅವುಗಳ ಚಿನ್ನದ ಮೇಲೆ ತೆತ್ತ ಶೇ. 3 ಹಿಂದಕ್ಕೆ ಬರುತ್ತದೆ. ಮುದ್ರೆಗಳ ಮೇಲೆ ತೆತ್ತ ಶೇ. 18, ತಲಾ 8 ರೂ. 10 ಪೈಸೆಯಂತೆ 1,620 ರೂ., ಬರುವುದಿಲ್ಲ. ವಹಿವಾಟು ಒಂದು ಕೋಟಿ ನಲವತ್ತು ಲಕ್ಷದ ಹತ್ತಿರ ಬಂದ ತಿಂಗಳಿನಿಂದ, ಮಾರಾಟಕ್ಕೆ ಕೂಡಲೇ ಬೇಡದ ಆಭರಣಗಳನ್ನು ಮುದ್ರೆಗೆ ಕಳುಹಿಸುವುದನ್ನು ಮುಂದೂಡಿದರೆ ಆ ಹಣ ಉಳಿಯುತ್ತದೆ.